ಕಂಬ ತಟ್ಟುತ್ತಿದ್ದ ಮಹಬೂಬ

ಮಹಬೂಬ ಯಾರ ಮನೆಗೆ ಹೋದರೂ ಕರೆಗಂಟೆ ಒತ್ತುತ್ತಿರಲಿಲ್ಲ. ಮೊದಲು ಮುಂಬಾಗಿಲಿನ ಪಕ್ಕದ ಕಂಬದ ಹತ್ತಿರ ನಿಂತು, ನಡುಬೆರಳು ಮಡಚಿ, ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟುತ್ತಿದ್ದ. ಆಮೇಲೆ ತಲೆ ಒಂದು ಕಡೆ ವಾಲಿಸಿ, ಕಂಬವೇ ಉತ್ತರ ಕೊಡುತ್ತದೆ ಎನ್ನುವ ಹಾಗೆ ಕಾಯುತ್ತಿದ್ದ. ಆ ಸದ್ದು ಕೇಳಿಯೇ ಒಳಗಿನವರು ಬಾಗಿಲು ತೆಗೆಯುತ್ತಿದ್ದರು. ಮದುವೆ ಮಂಟಪ, ಆಸ್ಪತ್ರೆ, ಬಸ್‌ಸ್ಟ್ಯಾಂಡು, ಎಲ್ಲಿ ಹೋದರೂ ಇದೇ ಚಾಳಿ. ಒಮ್ಮೆ ಒಬ್ಬ ದೊಡ್ಡ ಅಧಿಕಾರಿಯ ಕೋಣೆಯಲ್ಲಿ ನಾನೂ ಅವನೂ ಕೈಕಟ್ಟಿ ನಿಂತಿದ್ದಾಗ ಇವನು ಸೀದಾ ಹೋಗಿ ಅವರ ಬೆನ್ನ ಹಿಂದಿನ ಗೋಡೆ ತಟ್ಟಿದ. "ಸಾಹೇಬ್ರ, ಇಲ್ಲಿ ಪ್ಲಾಸ್ಟರ್ ಬಿಟ್ಟದ. ಕುರ್ಚಿ ಜರಾ ಈ ಕಡಿ ಹಾಕ್ಕೋರಿ" ಎಂದ. ಅಧಿಕಾರಿ ನಗುತ್ತ ಕುರ್ಚಿ ಸರಿಸಿದರು. ನಮ್ಮ ಕಡತಕ್ಕೆ ಅವತ್ತೇ ಸಹಿ ಬಿತ್ತು. ಆ ಕಡತವನ್ನು ಮೂರು ವಾರ ಓಡಾಡಿ ತಯಾರಿಸಿದವನು ನಾನು.

ಮೊದಲೇ ಹೇಳಿಬಿಡುತ್ತೇನೆ, ನನಗೆ ಮಹಬೂಬನ ಮೇಲೆ ಹೊಟ್ಟೆಕಿಚ್ಚಿತ್ತು. ಸಣ್ಣದಲ್ಲ, ಮೂವತ್ತು ವರ್ಷ ಆರದೆ ಉರಿದ ಕಿಚ್ಚು. ಎಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ಅಂಕ ಅವನಿಗಿಂತ ಹೆಚ್ಚು. ನನ್ನ ಮನೆ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ, ಎರಡು ಅಂತಸ್ತು. ಅವನದು ಕಮಲಾಪುರದಲ್ಲಿ, ಅಪ್ಪ ಕಟ್ಟಿಸಿದ ಕಲ್ಲಿನ ಮನೆ. ನಾನು ಇಸ್ತ್ರಿ ಮುರಿಯದ ಅಂಗಿ ತೊಡುವವನು, ಅವನ ಅಂಗಿಯ ತೋಳಿನ ಮೇಲೆ ಯಾವಾಗಲೂ ಸಿಮೆಂಟಿನ ಬೂದಿ. ಇಷ್ಟೆಲ್ಲ ಇದ್ದೂ ಜನ ಅವನನ್ನು ಹುಡುಕಿಕೊಂಡು ಹೋಗುತ್ತಿದ್ದರು. ನನ್ನನ್ನು ಹುಡುಕಿಕೊಂಡು ಬಂದವರು "ಮಹಬೂಬ ಸಾಹೇಬ್ರ ನಂಬರ್ ಅದ ಏನ್ರಿ ನಿಮ್ಮ ಕಡಿ?" ಎಂದು ಕೇಳುತ್ತಿದ್ದರು. ಕೊಡುತ್ತಿದ್ದೆ. ಕೊಡುವಾಗ ಒಂದು ಅಂಕಿ ತಪ್ಪಿಸಿಬಿಡಲೇ ಅನ್ನಿಸುತ್ತಿತ್ತು.

ಅವನು ಕಾಲೇಜಿಗೆ ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಚೀಲದಲ್ಲಿ ಪುಸ್ತಕದ ಜೊತೆ ನಾಲ್ಕಾರು ಕೆಂಪು ಬಾಳೆಹಣ್ಣು. ಮಧ್ಯಾಹ್ನ ಎಲ್ಲರಿಗೂ ಹಂಚಿ, ಕೊನೆಗೆ ಸಿಪ್ಪೆ ಕಪ್ಪಾದದ್ದು ತಾನು ತಿನ್ನುತ್ತಿದ್ದ. ಉಳಿದವರು ಅದನ್ನು ದೊಡ್ಡ ಮನಸ್ಸು ಎಂದರು. ನಾನು ಜನರನ್ನು ಒಲಿಸಿಕೊಳ್ಳುವ ಉಪಾಯ ಎಂದುಕೊಂಡೆ. ಹಣ್ಣು ಮಾತ್ರ ತಿಂದೆ, ಬಲು ರುಚಿಯಾಗಿರುತ್ತಿದ್ದವು.

ಓದು ಮುಗಿದ ಮೇಲೆ ನಾನು ಮನೆ, ಮಳಿಗೆಗಳ ನಕ್ಷೆ ಮಾಡಿ ಕಟ್ಟಿಸಿಕೊಡುವ ಕಚೇರಿ ತೆರೆದೆ. ಅವನು ಕಮಲಾಪುರದ ರಸ್ತೆಗೆ ಒಂದು ತಗಡಿನ ಶೆಡ್ಡಿನಲ್ಲಿ ಕ್ಯೂಬ್ ಒಡೆಯುವ ಲ್ಯಾಬ್ ಇಟ್ಟ. ಕ್ಯೂಬ್ ಅಂದರೆ ಹೆಚ್ಚೇನಲ್ಲ. ಕಟ್ಟಡಕ್ಕೆ ಕಾಂಕ್ರೀಟ್ ಹಾಕುವಾಗ ಅದೇ ಮಾಲನ್ನು ಅರ್ಧ ಅಡಿಯ ಕಬ್ಬಿಣದ ಅಚ್ಚಿಗೂ ತುಂಬುತ್ತಾರೆ. ಆ ದಪ್ಪ ಇಟ್ಟಿಗೆಯಂಥದ್ದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು, ಇಪ್ಪತ್ತೆಂಟನೆಯ ದಿನ ಯಂತ್ರಕ್ಕೆ ಕೊಟ್ಟು ಒತ್ತಿ ಒಡೆಯುತ್ತಾರೆ. ಎಷ್ಟು ಭಾರಕ್ಕೆ ಒಡೆಯಿತು ಎನ್ನುವುದರ ಮೇಲೆ ಕಟ್ಟಡದ ಗಟ್ಟಿತನ ತಿಳಿಯುತ್ತದೆ. ದಿನವೆಲ್ಲ ಅದನ್ನೇ ಮಾಡಿ ಮಾಡಿ ಅವನ ಬಾಯಲ್ಲಿ ಒಂದು ಮಾತು ಕೂತುಬಿಟ್ಟಿತ್ತು. "ಇಪ್ಪತ್ತೆಂಟು ದಿನ ಆಗ್ಲಿ. ಆಮ್ಯಾಲ ನೋಡೂಣು." ಅಣ್ಣತಮ್ಮಂದಿರು ಜಗಳ ಆಡಿಕೊಂಡು ಬಂದರೂ ಇದೇ ಮಾತು. ಹೆಣ್ಣು ನೋಡಿಬಂದ ಹುಡುಗ ಒಪ್ಪಲೋ ಬೇಡವೋ ಎಂದರೂ ಇದೇ ಮಾತು. ಒಮ್ಮೆ ನನ್ನ ಹೆಂಡತಿ ಶಶಿಕಲಾ ಸಿಟ್ಟಾಗಿ ತವರಿಗೆ ಹೊರಟು ನಿಂತಾಗ ಅಕಸ್ಮಾತ್ ಬಂದವನು, "ವೈನಿ, ಇಪ್ಪತ್ತೆಂಟು ದಿನ ತಡೀರಿ. ಆಗ್ಲೂ ಸಿಟ್ಟಿದ್ರ ನಾನೇ ಬಸ್ ಹತ್ತಸ್ತೀನಿ" ಎಂದ. ಅವಳು ಮೂರನೆಯ ದಿನಕ್ಕೇ ನಕ್ಕುಬಿಟ್ಟಳು. ನಾನು ಮೂರು ದಿನ ಕಾಲು ಹಿಡಿಯುವುದೊಂದು ಬಾಕಿ ಉಳಿಸಿದ್ದೆ. ಹೆಸರು ಬಂದದ್ದು ಮಾತ್ರ ಮಹಬೂಬನಿಗೆ.

ನನ್ನ ಮನೆಯ ಗೃಹಪ್ರವೇಶದ ದಿನ ಏನಾಯಿತು ಕೇಳಿ. ಊರಿನ ಅರ್ಧ ಎಂಜಿನಿಯರುಗಳು ನೆರೆದಿದ್ದರು. ನನ್ನ ಕೈಯ ಕೆಲಸ, ನನ್ನ ಸ್ವಂತ ಮನೆ. ಎಲ್ಲರೂ ಹೊಗಳುತ್ತಿದ್ದಾಗ ಟಕ್ ಟಕ್ ಎಂದು ಕೇಳಿಸಿತು. ಜನ ಸುತ್ತ ನಿಂತರು. "ಏನಂತದ್ರಿ ಕಂಬ?" ಎಂದು ಯಾರೋ ಕೇಳಿದರು. ಮಹಬೂಬ ಇನ್ನೊಂದು ಸಲ ತಟ್ಟಿ, ಬಲು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, "ಕಂಬ ಛಲೋ ಅದ. ಈ ಮೂಲಿ ಪ್ಲಾಸ್ಟರ್ ಅಷ್ಟು ಪೊಳ್ಳ ಅದ" ಎಂದ. ಮುಗಿಯಿತು! ಮಧ್ಯಾಹ್ನದ ಊಟದ ತನಕ ಬಂದ ಅತಿಥಿಗಳೆಲ್ಲ ನನ್ನ ಮನೆಯ ಗೋಡೆಗಳನ್ನು ತಟ್ಟಿಕೊಂಡು ತಿರುಗಿದರು. ಶಶಿಕಲಾಳ ಸೋದರಮಾವ ಊಟದ ಎಲೆಯ ಮುಂದೆ ಕೂತಲ್ಲಿಯೇ ಹಿಂದಿನ ಗೋಡೆ ತಟ್ಟಿ ನೋಡಿದರು. ಎರಡು ವರ್ಷದ ಮೇಲೆ ಆ ಮೂಲೆಯ ಪ್ಲಾಸ್ಟರು ಬಿದ್ದಿತು. ಆ ಸಂಗತಿ ಮಹಬೂಬನಿಗೆ ತಿಳಿಯದಂತೆ ನೋಡಿಕೊಂಡೆ.

ಇದಕ್ಕಿಂತ ದೊಡ್ಡದೊಂದಿದೆ. ಸೂಪರ್ ಮಾರ್ಕೆಟ್ ಹತ್ತಿರ ನಾನು ಮೂರು ಅಂತಸ್ತಿನ ಒಂದು ಮಳಿಗೆ ಕಟ್ಟಿಸುತ್ತಿದ್ದೆ. ಬಟ್ಟೆ ಅಂಗಡಿಯವರದು. ಎರಡನೆಯ ಅಂತಸ್ತು ಏಳುವ ಹೊತ್ತಿಗೆ ಕೆಳಗಿನ ಕಂಬಗಳ ಕ್ಯೂಬುಗಳು ಮಹಬೂಬನ ಯಂತ್ರದಲ್ಲಿ ಬೇಗ ಒಡೆದವು. ಬೇಕಾದಷ್ಟು ಗಟ್ಟಿ ಇರಲಿಲ್ಲ. ನಾನು ಶೆಡ್ಡಿಗೆ ಓಡಿದೆ. "ಮಹಬೂಬ, ಒಂದು ಅಂಕಿ ತಿದ್ದು. ಯಾರಿಗೇನು ಗೊತ್ತಾಗ್ತದ?" ಎಂದೆ. ಅವನು ಒಡೆದ ಕ್ಯೂಬಿನ ಪುಡಿಯನ್ನು ಬೆರಳಲ್ಲಿ ಉಜ್ಜುತ್ತ, "ಅಂಕಿ ನಾ ಎಲ್ಲಿ ಬರದೀನೋ ಮಲ್ಲಣ್ಣಾ. ಮಷೀನ್ ಬರದದ" ಎಂದ. ಸಿಟ್ಟಿನಲ್ಲಿ ಎದ್ದು ಬಂದೆ. ಸಂಜೆಗೆ ಅವನೇ ನನ್ನ ಕಚೇರಿಯ ಕಂಬ ತಟ್ಟಿದ. ಕೈಯಲ್ಲಿ ಉರುಳೆ ಮಾಡಿದ ಹಾಳೆ. ಮೂರು ಭಾನುವಾರ ನನ್ನ ಜೊತೆ ಕೂತು, ಹಳೆಯ ಕಂಬದ ಸುತ್ತ ಹೊಸ ಸರಳು ಕಟ್ಟಿ, ಹೊಸ ಕಾಂಕ್ರೀಟಿನ ಕವಚ ಹಾಕುವ ಲೆಕ್ಕ ಮಾಡಿಕೊಟ್ಟ. ಮಳಿಗೆ ನಿಂತಿತು, ಇಂದಿಗೂ ನಿಂತಿದೆ. ಅವನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಮರುವರ್ಷ ನಮ್ಮ ಎಂಜಿನಿಯರುಗಳ ಸಂಘದಲ್ಲಿ ನಾನು ಅದೇ ವಿಷಯದ ಮೇಲೆ ಭಾಷಣ ಮಾಡಿದೆ. ದುರ್ಬಲ ಕಂಬಗಳನ್ನು ಬಲಪಡಿಸುವ ಬಗೆ. ಪರದೆಯ ಮೇಲೆ ಚಿತ್ರಗಳು, ಕೊನೆಗೆ ಚಪ್ಪಾಳೆ. ಮಹಬೂಬನ ಹೆಸರು ಎಲ್ಲಿಯೂ ಇರಲಿಲ್ಲ. ಅವನು ಎಂದಿನಂತೆ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಪ್ರತಿ ಭಾಷಣದ ಕೊನೆಗೆ ಅವನದೊಂದು ಪ್ರಶ್ನೆ ಇದ್ದೇ ಇರುತ್ತಿತ್ತು. ನಾನು "ಪ್ರಶ್ನೆಗಳಿದ್ದರೆ ಕೇಳಬಹುದು" ಎಂದಾಗ ಅವನ ಕೈ ಎದ್ದಿತು. ಮುಗಿಯಿತು ನನ್ನ ಕತೆ ಎಂದುಕೊಂಡೆ. ಅವನು ಕೇಳಿದ್ದು ನನಗೆ ಚೆನ್ನಾಗಿ ಗೊತ್ತಿದ್ದ ಒಂದು ಸಣ್ಣ ವಿಷಯ, ಅವನೇ ಹೇಳಿಕೊಟ್ಟದ್ದು. ನಾನು ಗತ್ತಿನಿಂದ ಉತ್ತರ ಕೊಟ್ಟೆ, ಇನ್ನೊಮ್ಮೆ ಚಪ್ಪಾಳೆ ಬಿತ್ತು. ಮನೆಗೆ ಬರುವಾಗ ದಾರಿಯುದ್ದಕ್ಕೂ ಬೈದುಕೊಂಡೆ, ನನಗೇ ಭಿಕ್ಷೆ ಹಾಕುತ್ತಾನಲ್ಲ ಇವನು ಎಂದು.

ಈಗ ಚುನಾವಣೆಯ ಮಾತು. ನಮ್ಮ ಸಂಘಕ್ಕೆ ಕಲಬುರಗಿ, ಬೀದರ, ಯಾದಗಿರಿ, ರಾಯಚೂರು ಸೇರಿಸಿ ಒಬ್ಬ ಪ್ರಾದೇಶಿಕ ಅಧ್ಯಕ್ಷ. ಅದರಿಂದ ಹೊಟ್ಟೆ ತುಂಬುವುದಿಲ್ಲ. ಮೂರು ವರ್ಷ ವೇದಿಕೆಯ ನಡುವಿನ ಕುರ್ಚಿ, ಲೆಟರ್‌ಹೆಡ್ಡಿನ ಮೇಲೆ ಹೆಸರು, ಅಷ್ಟೆ. ಆ ಅಷ್ಟಕ್ಕಾಗಿ ನಾನು ಹನ್ನೊಂದು ವರ್ಷ ಕಲಬುರಗಿ ಶಾಖೆಯ ಕಾರ್ಯದರ್ಶಿಯಾಗಿ ದುಡಿದಿದ್ದೆ. ಬ್ಯಾನರ್ ಕಟ್ಟಿಸಿದವನು ನಾನು, ಅತಿಥಿಗಳನ್ನು ಸ್ಟೇಷನ್ನಿನಿಂದ ಕರೆತಂದವನು ನಾನು, ಮೈಕು ಕೈಕೊಟ್ಟಾಗ ಮೇಜಿನ ಕೆಳಗೆ ತೂರಿ ವೈರು ಸರಿಮಾಡಿದವನೂ ನಾನೇ. ಈ ಸಲ ಅಧ್ಯಕ್ಷ ನಾನೇ ಎಂಬುದರಲ್ಲಿ ನನಗೆ ಸಂಶಯ ಇರಲಿಲ್ಲ. ಬಣ್ಣದ ಕರಪತ್ರ ಅಚ್ಚು ಹಾಕಿಸಿ, ಕಾರು ತೆಗೆದುಕೊಂಡು ಬೀದರಕ್ಕೆ ಹೋದೆ. ಅಲ್ಲಿಯ ಹಿರಿಯ ಸದಸ್ಯರೊಬ್ಬರು ಚಹಾ ಕೊಟ್ಟು, ಕರಪತ್ರವನ್ನು ಹಿಂದೆ ಮುಂದೆ ತಿರುವಿ ನೋಡಿ, "ಮಹಬೂಬ ಸಾಹೇಬ್ರು ನಿಂದರ್ಲಾಕತ್ತಾರಂತಲ್ರಿ. ಮತ್ತ ನೀವ್ಯಾಕ ಸುಮ್ನ ತ್ರಾಸ ತಗೊಂಡ್ರಿ?" ಎಂದರು. ಚಹಾ ನಾಲಿಗೆ ಸುಟ್ಟಿತು. ಅಲ್ಲಿಂದ ಹೊರಟು ಊರಿಗೆ ಬರುವ ತನಕ ಕಾರಿನಲ್ಲಿ ಒಬ್ಬನೇ ಮಾತಾಡಿಕೊಂಡೆ, ಎಲ್ಲವೂ ಬೈಗುಳ.

ಆಗಲೇ ಕಣ್ಣ ಮುಂದೆ ಬಂತು ಮೇಜಿನ ಡ್ರಾದಲ್ಲಿದ್ದ ಫಾರ್ಮು.

ಅದರ ಕತೆ ಹೀಗೆ. ಅಧ್ಯಕ್ಷನಾಗಬೇಕಾದರೆ ಹಿರಿಯ ಸದಸ್ಯನ ದರ್ಜೆ ಇರಬೇಕು ಎಂಬುದು ಸಂಘದ ನಿಯಮ. ಮಹಬೂಬ ಇಪ್ಪತ್ತು ವರ್ಷದಿಂದ ಬರಿಯ ಸದಸ್ಯ. ದರ್ಜೆ ಏರಿಸಿಕೊಳ್ಳುವುದು ಅವನಿಗೆ ಎಂದೂ ಹೊಳೆದಿರಲಿಲ್ಲ. ಎರಡು ತಿಂಗಳ ಹಿಂದೆ ನನ್ನ ಕಚೇರಿಗೆ ಬಂದು, ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಮೇಜಿನ ಮೇಲಿಟ್ಟು, "ನಮ್ಮ ಸಬೀಹಾ ತುಂಬ್ಯಾಳಪ್ಪ ಇದನ್ನ. ಅಬ್ಬಾ, ನೀವು ಸಣ್ಣವ್ರಾಗೇ ಉಳದೀರಿ ಅಂತ ನನಗ ಬೈತಾಳ. ಶಾಖೆದು ನಿನ್ನ ಸಹಿ, ಸಿಕ್ಕಾ ಬೇಕಂತ" ಎಂದು ಫಾರ್ಮು ಕೊಟ್ಟಿದ್ದ. ಸಬೀಹಾ ಅವನ ಒಬ್ಬಳೇ ಮಗಳು, ಅವಳೂ ಎಂಜಿನಿಯರ್. ಫಾರ್ಮಿನ ಮೂಲೆಗೆ ಪಿನ್ನು ಹೊಡೆದ ಒಂದು ಫೋಟೋ, ಜೊತೆಗೆ ಸಣ್ಣ ಲಕೋಟೆಯಲ್ಲಿ ಇನ್ನೆರಡು. ಸಹಿ ಮಾಡಿ ಮೊಹರು ಒತ್ತಲು ಅರ್ಧ ನಿಮಿಷ ಸಾಕಿತ್ತು. ಪೆನ್ನು ಕೈಯಲ್ಲೇ ಇತ್ತು. ಆದರೆ ಆ ದರ್ಜೆ ನನಗೆ ಹದಿನಾಲ್ಕು ವರ್ಷದ ಹಿಂದೆ ಸಿಕ್ಕಿತ್ತು, ಮಹಬೂಬನ ಮುಂದೆ ನನಗಿದ್ದ ಒಂದೇ ಒಂದು ಹೆಚ್ಚುಗಾರಿಕೆ ಅದು. "ಎರಡು ದಿನದಾಗ ಕಳಸ್ತೀನಿ ಬಿಡು" ಎಂದು ಡ್ರಾಕ್ಕೆ ಹಾಕಿದೆ. ಅದರ ಮೇಲೆ ಸ್ಟೇಪ್ಲರ್ ಇಟ್ಟೆ. ದಿನಾ ಸ್ಟೇಪ್ಲರ್ ಬೇಕಾದಾಗ ಡ್ರಾ ತೆಗೆಯುತ್ತಿದ್ದೆ, ಫಾರ್ಮು ನೋಡುತ್ತಿದ್ದೆ, ಮುಚ್ಚುತ್ತಿದ್ದೆ. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ.

ಬೀದರದಿಂದ ಬಂದ ಮರುದಿನ ಬೆಳಿಗ್ಗೆ ಕಮಲಾಪುರಕ್ಕೆ ಹೋದೆ. ಸಂತೆಯ ದಿನ. ಬಸ್ಸುಗಳ ನಡುವೆ ಕಾರು ನುಗ್ಗಿಸಿ ಅವನ ಮನೆ ಮುಟ್ಟುವುದರಲ್ಲಿ ಸಾಕುಸಾಕಾಯಿತು. ಅಂಗಳದಲ್ಲಿ ಬಾಳೆಯ ಗಿಡದ ನೆರಳಿಗೆ ಅವನೊಂದು ಕಟ್ಟೆ ಮಾಡಿಕೊಂಡಿದ್ದ. ಒಡೆಯದೆ ಉಳಿದ ಹೆಚ್ಚುವರಿ ಕ್ಯೂಬುಗಳನ್ನೇ ಜೋಡಿಸಿ ಕಟ್ಟಿದ್ದು. ಒಂದೊಂದರ ಮೇಲೂ ಬಣ್ಣದಲ್ಲಿ ಬರೆದ ಕಟ್ಟಡದ ಹೆಸರು. ನಾನು ಕೂರಲು ಹೋದಾಗ, "ಅಲ್ಲಿ ಬ್ಯಾಡ, ಇಲ್ಲಿ ಕುಂದ್ರು. ಇದು ನಿಂದೇ, ಸೂಪರ್ ಮಾರ್ಕೆಟ್ಟಿಂದು. ಇಷ್ಟು ವರ್ಷದಾಗ ಗಟ್ಟಿ ಆಗ್ಯದ" ಎಂದ. ತಮಾಷೆಗೆ ಅಂದದ್ದು. ನನಗೆ ಮುಳ್ಳಿನ ಮೇಲೆ ಕೂತಂತಾಯಿತು.

"ಮಹಬೂಬ, ಈ ಸಲ ನನಗ ಬಿಟ್ಟುಕೊಡು" ಎಂದೆ. ಸುತ್ತಿ ಬಳಸಿ ಹೇಳುವ ತಾಳ್ಮೆ ನನಗಿರಲಿಲ್ಲ.

ಅವನು ಬಾಳೆಯ ಒಣಗಿದ ಎಲೆಯೊಂದನ್ನು ಕಿತ್ತು ಹಾಕಿದ. "ಹಿಂದಿನ ವಾರ ಕೇಳಿದ್ರ ಖರೆನೇ ಬಿಡ್ತಿದ್ದೆ ಮಲ್ಲಣ್ಣಾ. ಆ ಕುರ್ಚಿ ತಗೊಂಡು ನಾ ಏನ್ ಮಾಡ್ಲಿ? ಆದ್ರ ಈಗ ಗೌಂಡಿಗೋಳಿಗೆ ಮಾತ ಕೊಟ್ಟುಬಿಟ್ಟೀನಿ" ಎಂದ. ಅವನ ಯೋಚನೆ ಇಷ್ಟೇ. ತಾಲೂಕಿಗೊಂದರಂತೆ ತಿಂಗಳಿಗೊಮ್ಮೆ ಗೌಂಡಿಗಳಿಗೆ, ಅಂದರೆ ಗಾರೆ ಕೆಲಸದವರಿಗೆ, ಪಾಠ. ಕನ್ನಡದವರಿಗೆ ಕನ್ನಡದಲ್ಲಿ, ಉರ್ದುವಿನವರಿಗೆ ಉರ್ದುವಿನಲ್ಲಿ. "ನಾವು ಎಂಜಿನಿಯರ್‌ಗೋಳು ಎ.ಸಿ. ಹಾಲಿನ್ಯಾಗ ಕುಂತು ಒಬ್ರಿಗೊಬ್ರು ಭಾಷಣ ಹೊಡೀತೀವಿ. ಬಿಸಿಲಾಗ ನಿಂತು ನೀರು ಸುರಿಯಾಂವ ಅವ. ಒಂದು ಬಕೇಟ್ ನೀರು ಹೆಚ್ಚಿಗಿ ಸುರದ್ರ ಏನಾಗ್ತದಂತ ಅವನಿಗೆ ಯಾರು ಹೇಳ್ಯಾರ? ನಿನ್ನ ಮಳಿಗ್ಯಾಗ ಆಗಿದ್ದೂ ಅದೇ ಅಲ್ಲೇನು?" ಎಂದ.

ಅದೇ ಆಗಿತ್ತು. ಮಾತು ಸರಿಯಿತ್ತು, ಅದಕ್ಕೇ ಇನ್ನಷ್ಟು ಉರಿಯಿತು. ಹನ್ನೊಂದು ವರ್ಷ ಸಂಘದಲ್ಲಿದ್ದವನಿಗೆ ಇಂಥದೊಂದು ವಿಚಾರ ನನಗೇಕೆ ಬರಲಿಲ್ಲ? ನನ್ನ ಕರಪತ್ರದಲ್ಲಿ ಹದಿನಾರು ಭರವಸೆಗಳಿದ್ದವು, ಒಂದೂ ಈಗ ನೆನಪಿಲ್ಲ.

ಹೊರಡುವಾಗ ಕಾರಿನ ತನಕ ಬಂದು, ಕಿಟಕಿಗೆ ಕೈಯಿಟ್ಟು ಕೇಳಿದ. "ಆ ಫಾರ್ಮ್ ಹೋತಲ್ಲ?"

"ಹೋಗ್ಯದ" ಎಂದೆ.

"ಆತ ಬಿಡು. ನಿನ್ನ ಕೈಯಾಗ ಕೊಟ್ಟ ಮ್ಯಾಲ ನನಗೇನು ಚಿಂತಿ" ಎಂದು ನಕ್ಕ. ಹಿಂದಿನ ಸೀಟಿಗೆ ಬಾಳೆಹಣ್ಣು ಇಟ್ಟಿದ್ದ, ನೋಡಿದ್ದು ಮನೆಗೆ ಬಂದ ಮೇಲೆ.

ನಾಮಪತ್ರ ಪರಿಶೀಲನೆಯ ದಿನ ಶಾಖೆಯ ಸಭಾಂಗಣದಲ್ಲಿ ಹತ್ತಿಪ್ಪತ್ತು ಮಂದಿ ಇದ್ದರು. ಚುನಾವಣಾಧಿಕಾರಿ ಕುಲಕರ್ಣಿ ಸರ್, ಕಾಲೇಜಿನಲ್ಲಿ ನಮ್ಮಿಬ್ಬರಿಗೂ ಪಾಠ ಹೇಳಿದವರು. ಅವರು ಹಿರಿಯ ಸದಸ್ಯರ ಪಟ್ಟಿಯ ಮೇಲೆ ಬೆರಳು ಓಡಿಸಿದರು. ಇನ್ನೊಮ್ಮೆ ಓಡಿಸಿದರು. ಕನ್ನಡಕ ತೆಗೆದು ಒರೆಸಿಕೊಂಡು, "ಮಹಬೂಬ, ಇದರಾಗ ನಿನ್ನ ಹೆಸರಿಲ್ಲಲ್ಲೋ. ಅರ್ಜಿ ಕೊಟ್ಟಿದ್ದೆಯಾ?" ಎಂದರು. ಎಲ್ಲರೂ ಕೊನೆಯ ಸಾಲಿನ ಕಡೆ ತಿರುಗಿದರು. ಅವನು ಎದ್ದು ನಿಂತ. ಯಾರನ್ನೂ ನೋಡದೆ ನನ್ನನ್ನು ನೋಡಿದ. ಕಂಬ ತಟ್ಟಿ ಕಾಯುವಾಗ ಹೇಗೆ ತಲೆ ವಾಲಿಸುತ್ತಿದ್ದನೋ ಹಾಗೆಯೇ ವಾಲಿಸಿಕೊಂಡು ನಿಂತಿದ್ದ. ಒಂದು ಮಾತು, ಒಂದೇ ಮಾತು ಅವನು ಹೇಳಿದ್ದರೆ ನನ್ನ ಹನ್ನೊಂದು ವರ್ಷ ಅಲ್ಲಿಯೇ ನೆಲಕ್ಕೆ ಬೀಳುತ್ತಿತ್ತು.

"ಲಿಸ್ಟಿನ್ಯಾಗ ಇಲ್ಲಂದ್ರ ಇಲ್ಲ ಬಿಡ್ರಿ ಸರ್. ನಾ ಸರಿಯಾಗಿ ನೋಡ್ಕೋಬೇಕಾಗಿತ್ತು" ಎಂದು ಹೇಳಿ ಕೂತ.

ನಾನು ಅವಿರೋಧವಾಗಿ ಆಯ್ಕೆಯಾದೆ. ಹಾರ, ಶಾಲು, ಪೇಟ. ಸನ್ಮಾನದ ದಿನ ಎಂಬತ್ತು ಕುರ್ಚಿ ಹಾಕಿಸಿದ್ದೆ, ಐವತ್ತು ತುಂಬಿದವು. ಮಹಬೂಬ ಬಂದಿರಲಿಲ್ಲ. ಕೊನೆಯ ಸಾಲಿನಿಂದ ಪ್ರಶ್ನೆ ಇಲ್ಲದೆ ಸಭೆ ಬೇಗ ಮುಗಿಯಿತು. ಶಶಿಕಲಾ ಮನೆಗೆ ಬಂದ ಮೇಲೆ ಶಾಲು ಮಡಚುತ್ತ, "ಭಾಯಿಸಾಬ್ರು ಯಾಕ ಬರ್ಲಿಲ್ಲ?" ಎಂದಳು. "ನನಗೇನ್ ಗೊತ್ತು" ಎಂದು ಸಿಡುಕಿದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

ಅವನು ಬಂದ. ಹೆಚ್ಚುಕಡಿಮೆ ಒಂದು ತಿಂಗಳಾಗಿತ್ತು. ಕಚೇರಿಯ ಹೊರಗೆ ಟಕ್ ಟಕ್ ಎಂದಿತು. ಒಳಗೆ ಬಂದು ಕೂತು, ನೀರು ಕುಡಿದು, ತೋಳಿನ ಬೂದಿ ಕೊಡವಿ, "ಇಪ್ಪತ್ತೆಂಟು ದಿನ ಆತು ಮಲ್ಲಣ್ಣಾ. ಭಾಳ ಸಿಟ್ಟಿತ್ತು. ಮೊದಲನೇ ವಾರ ನಿನ್ನ ಕಪಾಳಕ್ಕ ಹೊಡಿಬೇಕಂತಿದ್ದೆ. ಈಗ ಹೋಗ್ಯದ, ಅದಕ್ಕೇ ಬಂದೆ" ಎಂದ.

ನಾನು ಅವನ ಖಾಲಿ ಲೋಟಕ್ಕೆ ಇನ್ನಷ್ಟು ನೀರು ಸುರಿದೆ.

"ಆ ಫಾರ್ಮಿನ ಜೋಡಿ ಎರಡು ಫೋಟೋ ಇದ್ದವಲ್ಲ, ಅವು ಕೊಡು. ನಾನೂ ನಿಮ್ಮ ಭಾಬಿನೂ ಉಮ್ರಾ ಮಾಡ್ಲಾಕ ಮೆಕ್ಕಾಕ್ಕ ಹೊಂಟೀವಿ, ಅರ್ಜಿಗಿ ಬೇಕಾಗ್ಯಾವ. ಮತ್ತ ಸ್ಟುಡಿಯೋಕ್ಕ ಯಾರು ಹೋಗಾಂವ? ಡ್ರಾದಾಗೇ ಇರ್ಬೇಕು ನೋಡು" ಎಂದ. ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿ ಫೋಟೋ ಬೇಕಿದ್ದವನ ದನಿ. ಡ್ರಾ ತೆಗೆದೆ. ಸ್ಟೇಪ್ಲರ್ ಸರಿಸಿದೆ. ಲಕೋಟೆ ಕೊಟ್ಟೆ.

"ಈಗ ಸಹಿ ಮಾಡ್ಲೇನು?" ಎಂದೆ.

"ಈಗ ಯಾಕೋ, ಹುಚ್ಚ! ನೀನೇ ಅದೀಯಲ್ಲ ಕುರ್ಚಿ ಮ್ಯಾಲ. ಆ ಗೌಂಡಿಗೋಳ ಪಾಠ ಅಷ್ಟು ಶುರು ಮಾಡು. ಹೆಸರು ನಿಂದೇ ಇರ್ಲಿ, ನಂದೇನು ಬ್ಯಾಡ" ಎಂದು ಎದ್ದ. ಬಾಗಿಲಲ್ಲಿ ನಿಂತು ಇನ್ನೊಮ್ಮೆ ಕಂಬ ತಟ್ಟಿ ಹೋದ. ಅದೇ ಕೊನೆ, ಮತ್ತೆ ಅವನನ್ನು ನಾನು ನೋಡಲಿಲ್ಲ. ಉಮ್ರಾದಿಂದ ಬಂದ ಮೇಲೆ ಖರ್ಜೂರ, ಒಂದು ಸಣ್ಣ ಡಬ್ಬಿಯಲ್ಲಿ ಅಲ್ಲಿಯ ಪವಿತ್ರ ಜಮ್‌ಜಮ್ ನೀರು ಕಳಿಸಿದ್ದ. ನಾನು ಹೋಗಿ ಮಾತಾಡಿಸಬೇಕಿತ್ತು. ಇವತ್ತು ನಾಳೆ ಎಂದು ಮುಂದೂಡಿದೆ.

ಇನ್ನು ಗೌಂಡಿಗಳ ಪಾಠ. ಅದನ್ನು ಶುರು ಮಾಡಲಿಲ್ಲ. ಯಾಕೆ ಎಂದು ಕೇಳಿದರೆ ನಾಚಿಕೆಯಾಗುತ್ತದೆ. ಮಾಡಿದರೆ ಅದು ಮಹಬೂಬನ ವಿಚಾರ ಎಂದು ನಾಲ್ಕು ಜಿಲ್ಲೆಯವರೂ ಅನ್ನುತ್ತಾರಲ್ಲ, ಅದಕ್ಕೆ. ಗೆದ್ದ ಮೇಲೂ, ಅವನು ಕ್ಷಮಿಸಿದ ಮೇಲೂ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಕ್ಷಮಿಸಿದ್ದರಿಂದ ಇನ್ನಷ್ಟು ಉರಿಯಿತು ಎಂದರೂ ತಪ್ಪಿಲ್ಲ. ಅದರಲ್ಲಿಯೂ ಅವನೇ ಮೇಲಾಗಿದ್ದ.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಹಿಂದಿನ ಸಂಜೆ ಶೆಡ್ಡಿನಲ್ಲಿ ತೊಟ್ಟಿಯಿಂದ ಕ್ಯೂಬ್ ಎತ್ತುತ್ತಿದ್ದವನು ಎದೆ ಹಿಡಿದುಕೊಂಡು ಕೂತನಂತೆ. ಆಸ್ಪತ್ರೆ ಮುಟ್ಟಲಿಲ್ಲ. ನಾನು ಕಮಲಾಪುರ ತಲುಪಿದಾಗ ಮಣ್ಣು ಮುಗಿದಿತ್ತು. ಕಟ್ಟೆಯ ಮೇಲೆ ಜನ ಕೂತಿದ್ದರು, ನನ್ನ ಕ್ಯೂಬಿನ ಮೇಲೆ ಯಾರೋ ಮುದುಕರು. ನಾನು ನಿಂತೇ ಇದ್ದು ಬಂದೆ.

ಸಂತಾಪ ಸಭೆಗೆ ಅವನದೊಂದು ಫೋಟೋ ಬೇಕಾಯಿತು. ಸಬೀಹಾ ತನ್ನ ಫೋನಿನಲ್ಲಿದ್ದದ್ದನ್ನೆಲ್ಲ ಕಳಿಸಿದಳು. ಒಂದರಲ್ಲೂ ಅವನ ಮುಖ ನೆಟ್ಟಗಿಲ್ಲ. ಎಲ್ಲದರಲ್ಲೂ ಪಕ್ಕದ ಗೋಡೆಯನ್ನೋ ಹಿಂದಿನ ಕಂಬವನ್ನೋ ನೋಡುತ್ತಿದ್ದ. "ನನ್ನ ಕಡಿ ಒಂದದ" ಎಂದು ನಾನೇ ಹೇಳಿದೆ. ಡ್ರಾ ತೆಗೆದು, ಫಾರ್ಮಿನ ಮೂಲೆಯ ಪಿನ್ನು ಕಿತ್ತು, ಫೋಟೋ ಬಿಡಿಸಿ ಸ್ಟುಡಿಯೋಕ್ಕೆ ಕೊಟ್ಟೆ. ಎರಡಡಿ ಎತ್ತರಕ್ಕೆ ಹಿಗ್ಗಿಸಿದರು.

ಸಭೆಯ ದಿನ ಎಂಬತ್ತು ಕುರ್ಚಿ ಹಾಕಿಸಿದ್ದೆ. ಎಂಬತ್ತೂ ತುಂಬಿದವು. ಗೋಡೆಗುಂಟ ಗೌಂಡಿಗಳು ನಿಂತಿದ್ದರು, ಹೊರಗೆ ವರಾಂಡದಲ್ಲಿಯೂ ಇದ್ದರು. ನನ್ನ ಸನ್ಮಾನಕ್ಕೆ ಐವತ್ತು, ಇವನಿಗೆ ನೂರೈವತ್ತು ಎಂದು ನಾನು ಎಣಿಸಿದೆ. ಹೌದು, ಅಂದೂ ಎಣಿಸಿದೆ. ಇಂಥ ಮನುಷ್ಯ ನಾನು.

ಸಬೀಹಾ ಮುಂದಿನ ಸಾಲಿನಲ್ಲಿ ತಾಯಿಯ ಪಕ್ಕ ಕೂತಿದ್ದಳು. ಎದ್ದು ಫೋಟೋದ ಹತ್ತಿರ ಹೋಗಿ, ಅದರ ಬಲಮೂಲೆಯನ್ನು ಬಗ್ಗಿ ನೋಡಿದಳು. ಹಿಗ್ಗಿಸಿದ ಫೋಟೋದಲ್ಲಿ ಪಿನ್ನಿನ ನಾಲ್ಕು ತೂತುಗಳು ಕಡಲೆಕಾಳಿನಷ್ಟು ದೊಡ್ಡದಾಗಿ ಕಾಣುತ್ತಿದ್ದವು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಅವಳು ವೇದಿಕೆಯ ಅಂಚಿಗೆ ಬಂದು, ನನಗೆ ಮಾತ್ರ ಕೇಳುವಂತೆ ಕೇಳಿದಳು.

"ಚಾಚಾ, ಈ ಫೋಟೋ ಎಲ್ಲಿ ಸಿಕ್ತು?"

"ನನ್ನ ಕಡಿ ಇತ್ತವ್ವಾ."

"ಫಾರ್ಮ್ ನಾನೇ ತುಂಬಿದ್ದೆ. ಈ ಪಿನ್ ನಾನೇ ಹೊಡದಿದ್ದೆ, ಡೊಂಕ ಆಗಿ ಎರಡು ಸಲ ಹೊಡದೆ. ಫಾರ್ಮ್ ಎಲ್ಲ್ಯೋ ಕಳದದ ಅಂತ ಅಬ್ಬಾ ಹೇಳಿದ್ರು" ಎಂದಳು. ಬೈಯಲಿಲ್ಲ. ಅಪ್ಪನ ಹಾಗೆಯೇ ತಲೆ ವಾಲಿಸಿ ಒಂದು ಗಳಿಗೆ ನಿಂತಳು. ಆಮೇಲೆ ಹೋಗಿ ತಾಯಿಯ ಪಕ್ಕ ಕೂತಳು.

ಅಷ್ಟರಲ್ಲಿ ಕುಲಕರ್ಣಿ ಸರ್ ಮೈಕಿನಲ್ಲಿ, "ಈಗ ಪ್ರಾದೇಶಿಕ ಅಧ್ಯಕ್ಷರು ನಾಲ್ಕು ಮಾತು ಹೇಳ್ತಾರ" ಎಂದರು. ನಾನು ಎದ್ದೆ. ಕಿಸೆಯಲ್ಲಿ ಎರಡು ಪುಟ ಬರೆದು ತಂದಿದ್ದೆ, ಒಳ್ಳೆಯ ಮಾತುಗಳೇ ಇದ್ದವು. ಹೊರಗೆ ತೆಗೆಯಲಿಲ್ಲ. "ಈ ಫೋಟೋ ಎಲ್ಲಿಂದ ಬಂತು ಅಂತ ಮೊದಲು ಹೇಳ್ತೀನ್ರಿ" ಎಂದೆ. ಹೇಳಿದೆ. ಡ್ರಾ, ಸ್ಟೇಪ್ಲರ್, ಕಮಲಾಪುರದ ಕಟ್ಟೆ, ಕಾರಿನ ಕಿಟಕಿಯಲ್ಲಿ ಆಡಿದ ಸುಳ್ಳು, ಎಲ್ಲವನ್ನೂ. ಸೂಪರ್ ಮಾರ್ಕೆಟ್ಟಿನ ಕಂಬಗಳ ಲೆಕ್ಕ ಯಾರು ಮಾಡಿದರು ಎಂಬುದನ್ನೂ ಹೇಳಿದೆ. ಕುಲಕರ್ಣಿ ಸರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ರಾಜೀನಾಮೆಯನ್ನು ನಾಳೆಯೇ ಕೊಡುತ್ತೇನೆ, ಗೌಂಡಿಗಳ ಪಾಠದ ಕೆಲಸ ಸಬೀಹಾ ವಹಿಸಿಕೊಂಡರೆ ಕುರ್ಚಿ ಹಾಕುವುದಕ್ಕಾದರೂ ನನ್ನನ್ನು ಕರೆಯಲಿ ಎಂದೆ.

ಮುಗಿದಿತ್ತು. ಇಳಿದು ಬರಬೇಕಿತ್ತು. ಆದರೆ ಹನ್ನೊಂದು ವರ್ಷ ಅದೇ ಮೈಕಿನ ಮುಂದೆ ನಿಂತ ಬಾಯಿ, ಯಾವ ಸಭೆ ಏನು ಎಂದು ನೋಡದೆ, ತಾನಾಗಿ ಆಡಿಬಿಟ್ಟಿತು.

"ಪ್ರಶ್ನೆಗಳಿದ್ದರೆ ಕೇಳಬಹುದು" ಎಂದೆ.

ಅಷ್ಟು ಜನ ನಿಂತಿದ್ದರೂ ಕೊನೆಯ ಸಾಲಿನ, ಬಾಗಿಲ ಪಕ್ಕದ ಮಹಬೂಬನ ಕುರ್ಚಿಯಿಂದ ಅದೇ ಆಗ ಯಾರೋ ಎದ್ದು ಹೊರಗೆ ಹೋಗಿದ್ದರು. ಅದು ಖಾಲಿಯಿತ್ತು. ನಾನು ಆ ಕಡೆಯೇ ನೋಡುತ್ತ ನಿಂತೆ. ಕೈ ಏಳಲಿಲ್ಲ.